ಮನೆವಾರ್ತೆ: ಟೀವಿಯ ಲೈಸೆನ್ಸೂ ಅತ್ತೆಯವರ ಸಂಜೆಯೂ



ಕಳೆದ ಸಂಚಿಕೆಯಲ್ಲಿ ಹಪ್ಪಳ ಸಂಡಿಗೆಗಳಿಗೆ ಮಳೆಗಾಲದಲ್ಲಿ ಬೂಷ್ಟು ಹಿಡಿಯದಂತೆ ನೋಡಿಕೊಳ್ಳುವ ಬಗೆಯನ್ನು ಬರೆದಿದ್ದೆನಷ್ಟೆ. ಅದನ್ನು ಓದಿ ಸೂರತ್ತಿನಿಂದಲೂ ವಡೋದರಾದಿಂದಲೂ ಹಲವರು ಸೋದರಿಯರು ಕಾಗದ ಬರೆದು ತಮ್ಮ ತಮ್ಮ ಅನುಭವಗಳನ್ನು ತಿಳಿಸಿದ್ದಾರೆ. ಅವರೆಲ್ಲರಿಗೂ ನಾನು ಕೃತಜ್ಞಳು. ಈ ಸಲವೂ ಅಡಿಗೆಮನೆಯ ವಿಷಯವನ್ನೇ ಮುಂದುವರಿಸೋಣವೆಂದಿದ್ದೆ. ಅಷ್ಟರಲ್ಲಿ ಒಂದು ಕಾಗದ ಬಂದು ಆ ಯೋಚನೆಯನ್ನು ಬದಿಗೆ ತಳ್ಳಿತು. ಅದರ ಮುಖ್ಯ ಭಾಗವನ್ನು ಇಲ್ಲಿ ಕೊಡುತ್ತೇನೆ.

“ಪೂಜ್ಯ ಅಕ್ಕನವರಿಗೆ, ವಡೋದರಾದಿಂದ ನಿಮ್ಮ ತಂಗಿ ಮಾಡುವ ನಮಸ್ಕಾರಗಳು. ನಮ್ಮ ಅತ್ತೆಯವರಿಗೆ ಈಗ 78 ವರ್ಷ. ಮಾವನವರು ತೀರಿಕೊಂಡ ಮೇಲೆ ಶಿರಸಿ ಕಡೆಯ ಮನೆಗೆ ಬೀಗ ಹಾಕಿ ನಮ್ಮೊಡನೆ ಬಂದಿದ್ದಾರೆ. ಮಕ್ಕಳೆಲ್ಲ ಮೊಬೈಲಿನಲ್ಲೇ ನೋಡುತ್ತಾರೆ, ಸುಮ್ಮನೆ ಹಣ ದಂಡವೆಂದು ನಮ್ಮ ಯಜಮಾನರು ಮೂರು ತಿಂಗಳ ಹಿಂದೆ ಟೀವಿಯ ಕೇಬಲ್ ತೆಗೆಸಿದರು. ಈಗ ಇಂಗ್ಲೆಂಡಿನ ಲೆಸ್ಟರ್‌ನಲ್ಲಿರುವ ನಮ್ಮ ನಾದಿನಿ ಅತ್ತೆಯವರನ್ನು ಬೇಸಗೆಗೆ ಕರೆಸಿಕೊಳ್ಳುತ್ತಿದ್ದಾಳೆ. ಅಲ್ಲಿ ಟೀವಿ ನೋಡಬೇಕಾದರೆ ಲೈಸೆನ್ಸ್ ಬೇಕಂತೆ, ಇಲ್ಲದೆ ಸಿಕ್ಕಿಬಿದ್ದರೆ ದೊಡ್ಡ ದಂಡವಂತೆ. ‘ಅಮ್ಮನಿಗೆ ಟೀವಿಯ ಗೋಜೇ ಬೇಡ’ ಎನ್ನುತ್ತಾಳೆ. ನಮ್ಮ ಯಜಮಾನರೋ, ‘ಲೈಸೆನ್ಸ್ ನಮ್ಮಲ್ಲಿಯೂ ಇತ್ತು, ಈಗಲೂ ಇದ್ದೀತು’ ಎನ್ನುತ್ತಾರೆ. ಯಾವ ಮನೆಯವರು ಯಾವಾಗ ಹಣ ಕಟ್ಟಬೇಕು, ಯಾವಾಗ ಬೇಡ, ನಮಗೆ ತಿಳಿಯುವ ಹಾಗೆ ಬರೆಯಿರಿ.”

ಈ ಪ್ರಶ್ನೆ ಆ ತಂಗಿಯೊಬ್ಬಳದೇ ಅಲ್ಲ. ಅಹಮದಾಬಾದು, ವಡೋದರಾ, ಸೂರತ್ತುಗಳಲ್ಲಿರುವ ನಮ್ಮ ಮನೆಗಳಿಂದ ಒಬ್ಬ ಮಗನೋ ಮಗಳೋ ಇಂಗ್ಲೆಂಡಿಗೋ ಜರ್ಮನಿಗೋ ಹೋಗಿರುವುದು ಈಗ ಸಾಮಾನ್ಯ. ನಮ್ಮ ಹಿರಿಯರು ಊರಿನಿಂದ ಗುಜರಾತಿಗೆ ಬಂದರು, ನಮ್ಮ ಮಕ್ಕಳು ಗುಜರಾತಿನಿಂದ ಮುಂದಕ್ಕೆ ಹೊರಟರು. ಹೋದ ಕಡೆಯ ಕಾನೂನನ್ನು ಅರಿತು ನಡೆಯುವುದು ಮರ್ಯಾದೆ. ಅರಿಯದೆ ಹೆದರಿ, ಆ ಹೆದರಿಕೆಯ ಭಾರವನ್ನು ಮನೆಯ ಹಿರಿಯರ ಮೇಲೆ ಹಾಕುವುದು ಮಾತ್ರ ಸರಿಯಲ್ಲ. ಆದ್ದರಿಂದ ಈ ಲೆಕ್ಕವನ್ನು ಮೊದಲಿನಿಂದ ನೋಡೋಣ.

ಆ ತಂಗಿಯ ಯಜಮಾನರ ಮಾತಿನಲ್ಲಿ ಅರ್ಧ ನಿಜವಿದೆ. ಲೈಸೆನ್ಸ್ ನಮ್ಮಲ್ಲಿ ಖಂಡಿತ ಇತ್ತು. ರೇಡಿಯೋ ಆಗಲಿ ಟೀವಿಯಾಗಲಿ, ಮನೆಯಲ್ಲಿ ಇಟ್ಟುಕೊಂಡವರು ವರ್ಷಕ್ಕೊಮ್ಮೆ ಅಂಚೆ ಕಚೇರಿಗೆ ಹೋಗಿ ಹಣ ಕಟ್ಟಬೇಕಾಗಿತ್ತು. 1970ರ ದಶಕದಲ್ಲಿ ರೇಡಿಯೋಗೆ ವರ್ಷಕ್ಕೆ 15 ರೂಪಾಯಿ, ಟೀವಿಗೆ 50 ರೂಪಾಯಿ. ಅದಕ್ಕೊಂದು ಸಣ್ಣ ಪುಸ್ತಕ. ಹಣ ಕಟ್ಟಿದ್ದಕ್ಕೆ ಗುರುತಾಗಿ ಅದರಲ್ಲಿ ಸ್ಟಾಂಪು ಅಂಟಿಸಿ ಮುದ್ರೆ ಒತ್ತಿಕೊಡುತ್ತಿದ್ದರು. ತನಿಖೆಗೆ ಬರುವ ಇನ್‌ಸ್ಪೆಕ್ಟರು ಆ ಪುಸ್ತಕವನ್ನು ಕೇಳುವ ಅಧಿಕಾರವುಳ್ಳವರಾಗಿದ್ದರು. 1933ರ ವೈರ್‌ಲೆಸ್ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಇಂಥ ಯಂತ್ರವನ್ನು ಇಟ್ಟುಕೊಳ್ಳುವುದೇ ತಪ್ಪು. ನೀವು ಕೇಳಿದಿರೋ ಇಲ್ಲವೋ, ನೋಡಿದಿರೋ ಇಲ್ಲವೋ ಎಂಬ ಪ್ರಶ್ನೆಯೇ ಇರಲಿಲ್ಲ. ಪೆಟ್ಟಿಗೆ ಮನೆಯಲ್ಲಿದ್ದರೆ ಹಣ ಕಟ್ಟಬೇಕು. ಇಷ್ಟೇ ಅಂದಿನ ನ್ಯಾಯ.

ನಾನು ಅಹಮದಾಬಾದಿನ ಮಣಿನಗರದಲ್ಲಿ ಬೆಳೆದವಳು. ನಮ್ಮ ತಂದೆಯವರ ಬಳಿ ಮರದ ಪೆಟ್ಟಿಗೆಯ ದೊಡ್ಡ ರೇಡಿಯೋ ಇತ್ತು. ರಾತ್ರಿ ಊಟವಾದ ಮೇಲೆ ಅದರ ಮುಳ್ಳನ್ನು ಕೂದಲೆಳೆಯಷ್ಟು ಅತ್ತ ಇತ್ತ ತಿರುಗಿಸಿ ಧಾರವಾಡವನ್ನು ಹುಡುಕುತ್ತಿದ್ದರು. ಧಾರವಾಡದ ಆಕಾಶವಾಣಿ 1950ರಲ್ಲಿ ಆರಂಭವಾದದ್ದು. ಅಹಮದಾಬಾದಿನದು ಅದಕ್ಕೂ ಒಂದು ವರ್ಷ ಮೊದಲು, 1949ರಲ್ಲಿ. ಹತ್ತಿರದ ಅಹಮದಾಬಾದು ಗಟ್ಟಿಯಾಗಿ ಕೇಳಿಸುತ್ತಿತ್ತು. ದೂರದ ಧಾರವಾಡ ಕೆಲವು ರಾತ್ರಿ ಬರುತ್ತಿತ್ತು, ಕೆಲವು ರಾತ್ರಿ ಗೊರಗೊರ ಸದ್ದಷ್ಟೇ. ಆ ಗೊರಗೊರದ ನಡುವೆ ನಾಲ್ಕು ಕನ್ನಡದ ಮಾತು ಕಿವಿಗೆ ಬಿದ್ದರೆ ಸಾಕು, ನಮ್ಮ ತಾಯಿ ಸೌಟು ಕೈಯಲ್ಲಿ ಹಿಡಿದೇ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು.

ನಮ್ಮ ಚಾಳಿನಲ್ಲಿ ಲೈಸೆನ್ಸ್ ಕಟ್ಟದ ಮನೆಯೂ ಒಂದಿತ್ತು. ಇನ್‌ಸ್ಪೆಕ್ಟರು ಗಲ್ಲಿಗೆ ಕಾಲಿಟ್ಟರೆಂಬ ಸುದ್ದಿ ಬಂತೆಂದರೆ ಆ ಮನೆಯ ರೇಡಿಯೋ ಗೋಧಿಯ ಡಬ್ಬದ ಹಿಂದೆ ಹೋಗಿ, ಮೇಲೊಂದು ರಜಾಯಿ ಹೊದ್ದು ಕುಳಿತುಕೊಳ್ಳುತ್ತಿತ್ತು. ಒಂದು ದಿನ ಇನ್‌ಸ್ಪೆಕ್ಟರು ಒಳಗೆ ಕಾಲಿಡಲೇ ಇಲ್ಲ. ಅಂಗಳದಲ್ಲೇ ನಿಂತು ಮಾಳಿಗೆಯ ಕಡೆ ಬೆರಳು ತೋರಿಸಿ, “ಆ ಏರಿಯಲ್ ತಂತಿಯಲ್ಲಿ ಬಟ್ಟೆ ಒಣಗಿಸುತ್ತೀರೇನು?” ಎಂದು ಕೇಳಿದರು. ಚಾಳಿಗೆ ಚಾಳೇ ನಕ್ಕಿತು. ನಮ್ಮ ತಂದೆಯವರು ಮಾತ್ರ ನಗಲಿಲ್ಲ. ರಾತ್ರಿ ಊಟಕ್ಕೆ ಕುಳಿತಾಗ ನಮ್ಮೊಡನೆ ಇಷ್ಟೇ ಹೇಳಿದರು: “ಹದಿನೈದು ರೂಪಾಯಿ ಕಟ್ಟಿದವನು ರೇಡಿಯೋ ಕೇಳುತ್ತಾನೆ. ಕಟ್ಟದವನು ಬಾಗಿಲು ಬಡಿಯುವ ಸದ್ದನ್ನು ಕೇಳುತ್ತಾನೆ.” ಈ ಮಾತನ್ನು ನೆನಪಿನಲ್ಲಿಡಿ. ಮುಂದೆ ಬೇಕಾಗುತ್ತದೆ.

ಲೈಸೆನ್ಸಿನ ಆ ಕಾಲದಲ್ಲೇ, ಒಂದು ಕಾಸನ್ನೂ ಕಟ್ಟದೆ ನಮ್ಮ ಕನ್ನಡದ ಹಳ್ಳಿಗಳವರು ಟೀವಿ ನೋಡಿದ ಒಂದು ವರ್ಷವಿತ್ತು. ಅದರಲ್ಲಿ ಅಹಮದಾಬಾದಿನ ಪಾಲು ದೊಡ್ಡದು. ಇದು ನಮ್ಮ ಮಕ್ಕಳಿಗೆ ತಿಳಿದಿರಲಾರದೆಂದು ಇಲ್ಲಿ ಬರೆಯುತ್ತೇನೆ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಅಮೆರಿಕದ ಒಂದು ಉಪಗ್ರಹವನ್ನು ಎರವಲು ಪಡೆದು, ನಮ್ಮ ಬಾಹ್ಯಾಕಾಶ ಸಂಸ್ಥೆ ಇಸ್ರೋದವರು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟೀವಿ ಕಾರ್ಯಕ್ರಮಗಳನ್ನು ಮುಟ್ಟಿಸಿದರು. ‘ಸೈಟ್’ ಎಂದು ಅದರ ಚುಟುಕು ಹೆಸರು. ಕರ್ನಾಟಕದಲ್ಲಿ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದವು. ಕನ್ನಡದ ಕಾರ್ಯಕ್ರಮಗಳು ಹೈದರಾಬಾದಿನಲ್ಲಿ ತಯಾರಾಗುತ್ತಿದ್ದವು. ಅವನ್ನು ಉಪಗ್ರಹಕ್ಕೆ ಏರಿಸುತ್ತಿದ್ದ ಮುಖ್ಯ ಭೂಕೇಂದ್ರ ಎಲ್ಲಿತ್ತು ಬಲ್ಲಿರಾ? ಇಲ್ಲೇ, ನಮ್ಮ ಅಹಮದಾಬಾದಿನಲ್ಲಿ! ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದದ್ದು 1981ರಲ್ಲಿ. ಅದಕ್ಕೆ ಆರು ವರ್ಷ ಮೊದಲೇ ಸಾಬರಮತಿಯ ದಂಡೆಯ ಊರಿನಿಂದ ಕನ್ನಡದ ಮಾತು ಆಕಾಶಕ್ಕೆ ಹೋಗಿ, ರಾಯಚೂರಿನ ಹಳ್ಳಿಯ ಕಟ್ಟೆಗೆ ಇಳಿಯುತ್ತಿತ್ತು. ಕೋಳಿಗೂಡಿಗೆ ಹಾಕುವಂಥ ತಂತಿಬಲೆಯಿಂದ ಮಾಡಿದ, ಹತ್ತಡಿ ಅಗಲದ ಛತ್ರಿಯಂಥ ಆಂಟೆನಾ ಅದನ್ನು ಹಿಡಿಯುತ್ತಿತ್ತು. ಆ ಸೆಟ್ಟು ಇಡೀ ಊರಿನದು, ಖರ್ಚು ಸರ್ಕಾರದ್ದು. ಅಂದರೆ ನೋಡುವವನು ಕೊಡದಿದ್ದರೂ ಯಾರಾದರೊಬ್ಬರು ಕೊಟ್ಟೇ ಇರುತ್ತಾರೆ. ಪ್ರಶ್ನೆಯಿರುವುದು ಯಾರು, ಯಾವ ಲೆಕ್ಕದಲ್ಲಿ ಎಂಬುದರಲ್ಲಿ ಮಾತ್ರ.

ಆಮೇಲೆ ಕಾಲ ಬದಲಾಯಿತು. 1976ರಿಂದ ದೂರದರ್ಶನದಲ್ಲಿ ಜಾಹೀರಾತುಗಳು ಬರತೊಡಗಿದವು. 1982ರಲ್ಲಿ ಬಣ್ಣ ಬಂತು. ಸಂಕ್ರಾಂತಿಯ ಹೊತ್ತಿನ ಇಲ್ಲಿಯ ಉತ್ತರಾಯಣದಲ್ಲಿ ಗಾಳಿಪಟದ ದಾರಗಳೆಲ್ಲ ಮಾಳಿಗೆಯ ಆಂಟೆನಾಗಳಿಗೆ ಸುತ್ತಿಕೊಂಡು, ಚಿತ್ರ ಹೋಯಿತೆಂದು ಹಿರಿಯರು ಕೂಗುವುದೂ ಪಟ ಹರಿಯಿತೆಂದು ಕಿರಿಯರು ಅಳುವುದೂ ಒಟ್ಟಿಗೇ ನಡೆಯುತ್ತಿತ್ತು. ಅಷ್ಟೊಂದು ಆಂಟೆನಾಗಳಾದವು. ಕೊನೆಗೆ 1980ರ ದಶಕದ ನಡುಭಾಗದಲ್ಲಿ ಸರ್ಕಾರ ರೇಡಿಯೋ ಟೀವಿಗಳ ಲೈಸೆನ್ಸ್ ಹಣವನ್ನು ಪೂರ್ತಿಯಾಗಿ ತೆಗೆದುಹಾಕಿತು. ನಮ್ಮ ತಂದೆಯವರು ಆ ಪುಸ್ತಕವನ್ನು ಎಸೆಯಲಿಲ್ಲ. ಅದು ಈಗಲೂ ನಮ್ಮ ಟ್ರಂಕಿನಲ್ಲಿ, ರೇಷನ್ ಕಾರ್ಡಿನ ಜೊತೆಗಿದೆ.

ಆದ್ದರಿಂದ ಮೊದಲನೆಯ ಉತ್ತರ ಹೀಗೆ. ಇಂದು ಭಾರತದಲ್ಲಿ ಮನೆಯ ಟೀವಿಗೆ ಲೈಸೆನ್ಸ್ ಇಲ್ಲ. ಒಂದಿದ್ದರೂ ಇಲ್ಲ, ಕೋಣೆಗೊಂದು ಇದ್ದರೂ ಇಲ್ಲ. ಕೊಳ್ಳುವಾಗ ಬೆಲೆಯೊಳಗೆ ಸೇರಿರುವ ಜಿಎಸ್‌ಟಿ ತೆರಿಗೆಯೊಂದೇ ಸರ್ಕಾರಕ್ಕೆ ಸಲ್ಲುವುದು. “ನಿಮ್ಮ ಟೀವಿ ಲೈಸೆನ್ಸ್ ಬಾಕಿಯಿದೆ, ಕೂಡಲೇ ಕಟ್ಟದಿದ್ದರೆ ಕೇಸು ಹಾಕುತ್ತೇವೆ” ಎಂದು ಯಾರಾದರೂ ಫೋನಿನಲ್ಲಿ ಗದರಿಸಿದರೆ, ಆ ಮನುಷ್ಯ ಮೋಸಗಾರನೆಂದು ತಿಳಿಯಿರಿ. ಓಟಿಪಿ ಹೇಳಬೇಡಿ, ಕಳಿಸಿದ ಕೊಂಡಿಯನ್ನು ಒತ್ತಬೇಡಿ. ಹಣ ಹೋಗಿಬಿಟ್ಟಿದ್ದರೆ ನಾಚಿಕೆಪಟ್ಟುಕೊಂಡು ಕೂರದೆ ಒಡನೆಯೇ 1930ಕ್ಕೆ ಫೋನ್ ಮಾಡಿ. ಅದು ಇಂಥ ಮೋಸಗಳ ದೂರಿಗಾಗಿಯೇ ಇರುವ ಸರ್ಕಾರದ ಸಂಖ್ಯೆ.

ಲೈಸೆನ್ಸ್ ಹೋಯಿತು, ಆದರೆ ಖರ್ಚು ಹೋಗಲಿಲ್ಲ. ಪೆಟ್ಟಿಗೆಗೆ ಕೊಡುತ್ತಿದ್ದುದನ್ನು ಈಗ ಚಾನೆಲಿಗೆ ಕೊಡುತ್ತೇವೆ. ಕೇಬಲ್ಲಿನವರಿಗೋ ಡಿಟಿಎಚ್ ಕಂಪೆನಿಗೋ ತಿಂಗಳು ತಿಂಗಳೂ ಸಲ್ಲುವ ಹಣದಲ್ಲಿ ಎರಡು ಭಾಗಗಳಿವೆ. ಒಂದು, ಚಾನೆಲುಗಳನ್ನು ಮನೆಯವರೆಗೆ ತರುವ ಕೂಲಿ. ಇನ್ನೊಂದು, ಹಣ ಕೊಟ್ಟು ನೋಡಬೇಕಾದ ಚಾನೆಲುಗಳ ಬೆಲೆ. ಎರಡರ ಮೇಲೂ ತೆರಿಗೆ. ತರುವ ಕೂಲಿ 100 ಚಾನೆಲುಗಳಿಗೆ 130 ರೂಪಾಯಿಗಿಂತ ಹೆಚ್ಚಾಗಕೂಡದೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2019ರಲ್ಲಿ ಮಿತಿ ಹಾಕಿತ್ತು. 2020ರಲ್ಲಿ ಅಷ್ಟೇ ಹಣಕ್ಕೆ 200 ಚಾನೆಲುಗಳೆಂದು ಮಾಡಿತು. 2024ರ ಜುಲೈನಲ್ಲಿ ಆ ಮಿತಿಯನ್ನೇ ತೆಗೆದು, ದರವನ್ನು ಕಂಪೆನಿಗಳಿಗೇ ಬಿಟ್ಟಿತು. ಹೀಗಾಗಿ ಈಗ ನಾಲ್ಕು ಕಡೆ ವಿಚಾರಿಸಿ ಕೊಳ್ಳುವುದು ಗೃಹಿಣಿಯ ಜಾಣತನ.

ಇಲ್ಲಿ ನಮ್ಮವರು ಎಡವುವುದು ಒಂದೇ ಕಡೆ. ಗುಜರಾತಿನಲ್ಲಿ ಕೇಬಲ್ಲಿನವರು ಸಿದ್ಧಮಾಡಿಟ್ಟ ‘ಪ್ಯಾಕು’ ಹಿಂದಿ ಗುಜರಾತಿಗಳವರಿಗಾಗಿ ಮಾಡಿದ್ದು. ಅದರಲ್ಲಿ ಕನ್ನಡವಿಲ್ಲವೆಂದು ನಾವು ಸುಮ್ಮನಾಗುತ್ತೇವೆ. ಇಲ್ಲವೇ ಒಂದು ಕನ್ನಡ ಚಾನೆಲಿಗಾಗಿ ನೂರು ಬೇಡದ ಚಾನೆಲುಗಳಿರುವ ದೊಡ್ಡ ‘ದಕ್ಷಿಣದ ಪ್ಯಾಕು’ ಕೊಳ್ಳುತ್ತೇವೆ. ಎರಡೂ ಬೇಕಾಗಿಲ್ಲ. ಬೇಕಾದ ಚಾನೆಲುಗಳನ್ನು ಒಂದೊಂದಾಗಿ ಆರಿಸಿಕೊಳ್ಳುವ ಹಕ್ಕು ಗ್ರಾಹಕನಿಗಿದೆ. ಒಂದೊಂದರ ಬೆಲೆಯೂ ಪ್ರಕಟವಾಗಿರುತ್ತದೆ. ದೂರದರ್ಶನದ ಕನ್ನಡ ಚಾನೆಲ್ ‘ಚಂದನ’ಕ್ಕೆ ಬೇರೆ ಬೆಲೆಯೇ ಇಲ್ಲ. ನಿಮ್ಮ ಕೇಬಲ್ಲಿನಲ್ಲಿ ಅದು ಎಷ್ಟನೆಯ ನಂಬರಿನಲ್ಲಿದೆಯೆಂದು ಕೇಳಿ ಬರೆದಿಟ್ಟುಕೊಂಡರಾಯಿತು.

ತಿಂಗಳ ಹಣವೇ ಭಾರವೆನ್ನುವವರಿಗೆ ಇನ್ನೊಂದು ದಾರಿಯುಂಟು. 2004ರ ಡಿಸೆಂಬರಿನಲ್ಲಿ ಪ್ರಸಾರ ಭಾರತಿಯವರು ಆರಂಭಿಸಿದ, ಈಗ ಡಿಡಿ ಫ್ರೀ ಡಿಶ್ ಎಂದು ಕರೆಯುವ ವ್ಯವಸ್ಥೆಯಿದೆ. ಇಲ್ಲಿಯವರು ‘ಛತ್ರಿ’ ಎನ್ನುವ ಡಿಶ್ಶನ್ನೂ ಬಾಕ್ಸನ್ನೂ ಒಮ್ಮೆ ಕೊಂಡು ಕೂರಿಸಿದರೆ ಮುಗಿಯಿತು, ತಿಂಗಳ ಚಂದಾ ಇಲ್ಲ. ಚಂದನ ಅದರಲ್ಲಿ ಬರುತ್ತದೆ. ಸೊಸೈಟಿಯ ಮಾಳಿಗೆಯಲ್ಲಿ ಡಿಶ್ ಕೂರಿಸುವ ಮೊದಲು ಕಾರ್ಯದರ್ಶಿಗಳನ್ನು ಒಂದು ಮಾತು ಕೇಳಿಬಿಡಿ. ಇಲ್ಲವಾದರೆ ಟೀವಿಯ ಲೈಸೆನ್ಸ್ ತಪ್ಪಿದರೂ ಮಾಳಿಗೆಯ ಜಗಳ ತಪ್ಪುವುದಿಲ್ಲ!

ಇಷ್ಟನ್ನು ಬರೆದು ಅಂಚೆಗೆ ಹಾಕಿ ಸುಮ್ಮನಿರಬಹುದಾಗಿತ್ತು. ಆದರೆ ಆ ಕಾಗದದಲ್ಲಿ ಅತ್ತೆಯವರ ಮಾತು ಒಂದೂ ಇರಲಿಲ್ಲವೆಂಬುದು ನನ್ನ ಮನಸ್ಸನ್ನು ಕೊರೆಯುತ್ತಿತ್ತು. ವಡೋದರಾದಲ್ಲಿ ಒಂದು ನಾಮಕರಣಕ್ಕೆ ಹೋಗಬೇಕಾಗಿತ್ತು. ಹಾಗೆಯೇ ಅವರ ಮನೆಗೂ ಹೋಗಿಬಂದೆ.

ಆ ತಾಯಿ ಕಿಟಕಿಯ ಬಳಿ ಕುಳಿತು ಹೂಬತ್ತಿ ಹೊಸೆಯುತ್ತಿದ್ದರು. ಅಕ್ಕಪಕ್ಕದವರು ಅವರನ್ನು ‘ಬಾ’ ಎಂದು ಪ್ರೀತಿಯಿಂದಲೇ ಕರೆಯುತ್ತಾರೆ. ಆದರೆ ‘ಕೇಮ್ ಛೋ’ ಎಂದವರಿಗೆ ‘ಮಜಾಮಾ’ ಎಂದುಬಿಟ್ಟರೆ ಅವರ ಗುಜರಾತಿ ಮುಗಿಯುತ್ತದೆ. ಮಗ ಸೊಸೆ ಹಗಲೆಲ್ಲ ಕೆಲಸಕ್ಕೆ, ಮೊಮ್ಮಕ್ಕಳು ಶಾಲೆಗೆ. “ಟೀವಿ ಇಲ್ಲದೆ ಬೇಸರವಾಗುತ್ತದೆಯೇ ಅಮ್ಮಾ?” ಎಂದು ಕೇಳಿದೆ. “ಏನೂ ಇಲ್ಲ. ನನಗೆ ಕಿವಿಯೂ ಮಂದ. ಈ ಧಾರಾವಾಹಿಗಳಲ್ಲಿ ಏನಿದೆ, ಒಬ್ಬರಿಗೊಬ್ಬರು ವಿಷ ಹಾಕುವುದು” ಎಂದರು. ಸ್ವಲ್ಪ ಹೊತ್ತು ಬತ್ತಿ ಹೊಸೆದು, ತಲೆಯೆತ್ತದೆ ಕೇಳಿದರು: “ನೀನು ಪೇಪರು ಓದುತ್ತೀಯಲ್ಲ. ನಮ್ಮ ಕಡೆ ಮಳೆ ಹಿಡಿಯಿತೋ?”

ನನಗೆ ಆಗ ತಿಳಿಯಿತು. ಅವರು ಟೀವಿಯಲ್ಲಿ ನೋಡುತ್ತಿದ್ದುದು ಕಥೆಯನ್ನಲ್ಲ, ಊರನ್ನು. ಸಂಜೆಯ ಕನ್ನಡ ವಾರ್ತೆಯಲ್ಲಿ ಮಲೆನಾಡಿಗೆ ಮಳೆ ಬಂದದ್ದು, ಅಡಿಕೆಯ ಧಾರಣೆ ಏರಿದ್ದು ಇಳಿದದ್ದು, ಯಾವ ಹೊಳೆ ತುಂಬಿ ಯಾವ ದಾರಿ ಕಟ್ಟಿತೆಂಬುದು. ಅದಾದ ಮೇಲೆ ಚಂದನದ ‘ಥಟ್ ಅಂತ ಹೇಳಿ’ ಬಂದರೆ, ಅಲ್ಲಿ ಕೇಳಿದ ಪ್ರಶ್ನೆಗೆ ಇವರು ಇಲ್ಲಿಂದ ಉತ್ತರ ಕೂಗುತ್ತಿದ್ದರಂತೆ. ಸರಿಯಾದರೆ ಮೊಮ್ಮಗ ಚಪ್ಪಾಳೆ ತಟ್ಟುತ್ತಿದ್ದನಂತೆ. ದಿನದಲ್ಲಿ ಅವರು ಗಟ್ಟಿಯಾಗಿ ಮಾತಾಡುತ್ತಿದ್ದುದು ಆ ಒಂದು ಹೊತ್ತಿನಲ್ಲಿ. ಮೂರು ತಿಂಗಳಿಂದ ಅದೂ ಇಲ್ಲ. ಅವರಾಗಿ ಬಾಯಿಬಿಟ್ಟು ಕೇಳಿಲ್ಲ. ಮಗ ದುಡಿದ ಹಣದಲ್ಲಿ ತನಗೊಂದು ಬೇಕು ಎನ್ನುವುದು ಆ ತಲೆಮಾರಿನ ಹೆಂಗಸರ ಬಾಯಲ್ಲಿ ಬರುವುದಿಲ್ಲ.

ಈಗ ಇಂಗ್ಲೆಂಡಿನ ಲೆಕ್ಕಕ್ಕೆ ಬರೋಣ. ಅಲ್ಲಿ ಲೈಸೆನ್ಸ್ ಇನ್ನೂ ಇದೆ. ವರ್ಷದ ಹಣ 2025ರ ಏಪ್ರಿಲಿನಲ್ಲಿ 174 ಪೌಂಡು 50 ಪೆನ್ಸಿಗೆ ಏರಿತು. ಏಪ್ರಿಲಿನಲ್ಲಿ ದರ ಏರುವುದು ವಾಡಿಕೆಯಾದ್ದರಿಂದ ಕಟ್ಟುವ ಮುನ್ನ ಆ ದಿನದ ದರವನ್ನು ನೋಡಿಕೊಳ್ಳಬೇಕು. ಆದರೆ ಅಲ್ಲಿಯ ನ್ಯಾಯ ನಮ್ಮ ಹಳೆಯ ನ್ಯಾಯದಂತಲ್ಲ. ಪೆಟ್ಟಿಗೆ ಮನೆಯಲ್ಲಿದೆಯೆಂಬ ಮಾತ್ರಕ್ಕೆ ಹಣ ಕಟ್ಟಬೇಕಾಗಿಲ್ಲ. ಅದರಲ್ಲಿ ಏನು ನೋಡುತ್ತೀರಿ ಎಂಬುದರ ಮೇಲೆ ಲೆಕ್ಕ.

ಎರಡು ಸಂದರ್ಭಗಳಲ್ಲಿ ಲೈಸೆನ್ಸ್ ಬೇಕೇ ಬೇಕು. ಮೊದಲನೆಯದು, ಯಾವುದೇ ಚಾನೆಲನ್ನು ಅದು ಪ್ರಸಾರವಾಗುತ್ತಿರುವ ಹೊತ್ತಿನಲ್ಲೇ, ನೇರವಾಗಿ ನೋಡುವುದು ಅಥವಾ ಮುದ್ರಿಸಿಕೊಳ್ಳುವುದು. ಎರಡನೆಯದು, ಬಿಬಿಸಿಯವರ ಐಪ್ಲೇಯರ್ ಎಂಬ ತಾಣದಲ್ಲಿ ಕಾರ್ಯಕ್ರಮಗಳನ್ನು ನೋಡುವುದು. ಟೀವಿಯಲ್ಲಿ ನೋಡಿದರೂ ಅಷ್ಟೇ, ಮೊಬೈಲಿನಲ್ಲಿ ನೋಡಿದರೂ ಅಷ್ಟೇ. ಇವೆರಡೂ ಅಲ್ಲದೆ ನೆಟ್‌ಫ್ಲಿಕ್ಸಿನ ಸಿನಿಮಾ, ಯೂಟ್ಯೂಬಿಗೆ ಆಮೇಲೆ ಹಾಕಿದ ವಿಡಿಯೋ, ನಿನ್ನೆಯ ಧಾರಾವಾಹಿಯನ್ನು ಇವತ್ತು ಆ ಚಾನೆಲಿನ ತಾಣದಲ್ಲಿ ನೋಡುವುದು, ಇಂಥವಕ್ಕೆ ಲೈಸೆನ್ಸ್ ಬೇಡ.

ನಮ್ಮವರು ತಪ್ಪು ತಿಳಿಯುವುದು ಇಲ್ಲೇ. “ನಾವು ಬಿಬಿಸಿ ನೋಡುವುದಿಲ್ಲ, ನೋಡುವುದು ಕನ್ನಡ ಚಾನೆಲ್, ಅದಕ್ಕೂ ಇಂಗ್ಲೆಂಡಿಗೂ ಏನು ಸಂಬಂಧ?” ಎನ್ನುತ್ತಾರೆ. ಸಂಬಂಧವಿದೆ. ಭಾಷೆ ಯಾವುದಾದರೂ, ಚಾನೆಲ್ ಯಾವ ದೇಶದ್ದಾದರೂ, ಡಿಶ್ಶಿನಿಂದ ಬಂದರೂ ಇಂಟರ್ನೆಟ್ಟಿನಿಂದ ಬಂದರೂ, ನೇರವಾಗಿ ನೋಡಿದರೆ ಲೈಸೆನ್ಸ್ ಬೇಕು. ಬೇಸಗೆಯಲ್ಲಿ ಲೆಸ್ಟರ್‌ನ ಗಡಿಯಾರ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ. ಬೆಂಗಳೂರಿನ ಸಂಜೆ ಏಳರ ವಾರ್ತೆಯನ್ನು ಅತ್ತೆಯವರು ಅಲ್ಲಿ ಮಧ್ಯಾಹ್ನ ಎರಡೂವರೆಗೆ, ಅದು ಬರುತ್ತಿರುವಾಗಲೇ ನೋಡಿದರೆ, ಮಗಳ ಮನೆಗೆ ಲೈಸೆನ್ಸ್ ಇರಲೇಬೇಕು. ಅದೇ ವಾರ್ತೆಯನ್ನು ಮುಗಿದ ಮೇಲೆ ಯೂಟ್ಯೂಬಿಗೆ ಹಾಕಿದ್ದನ್ನು ನಾಲ್ಕು ಗಂಟೆಗೆ ನೋಡಿದರೆ ಬೇಡ.

ಇನ್ನು ಕೆಲವು ಸಣ್ಣ ಸಂಗತಿಗಳು. ಲೈಸೆನ್ಸ್ ಮನೆಯ ವಿಳಾಸಕ್ಕೆ ಸೇರಿದ್ದು. ಒಂದು ಮನೆಗೆ ಒಂದು ಸಾಕು, ಟೀವಿ ಎಷ್ಟಿದ್ದರೂ ಸರಿ. ಮಗಳ ಮನೆಗೆ ಈಗಾಗಲೇ ಇದ್ದರೆ ಅತ್ತೆಯವರಿಗೆ ಬೇರೆ ಬೇಕಿಲ್ಲ. 75 ವರ್ಷ ದಾಟಿದವರಿಗೆ ಮಾಫಿಯಂತೆ ಎಂಬ ಮಾತು ಹಳೆಯದು. 2020ರ ಆಗಸ್ಟಿನಿಂದ, ಪೆನ್ಷನ್ ಕ್ರೆಡಿಟ್ ಎಂಬ ಸರ್ಕಾರಿ ನೆರವು ಪಡೆಯುವ ಮನೆಯ 75 ದಾಟಿದ ಹಿರಿಯರಿಗೆ ಮಾತ್ರ ಅದು ಉಳಿದಿದೆ. ನೆಂಟರಾಗಿ ಹೋದ ನಮ್ಮ ಅತ್ತೆಯವರಿಗೆ ಅನ್ವಯಿಸುವುದಿಲ್ಲ. ಹಣವನ್ನು ಕಂತುಗಳಲ್ಲಿ ಕಟ್ಟಬಹುದು. ಅತ್ತೆಯವರು ಹಿಂದಿರುಗಿದ ಮೇಲೆ ಮನೆಯಲ್ಲಿ ಯಾರೂ ನೇರ ಪ್ರಸಾರ ನೋಡುವುದಿಲ್ಲವಾದರೆ, ಉಳಿದ ಪೂರ್ಣ ತಿಂಗಳುಗಳ ಹಣವನ್ನು ಹಿಂದಕ್ಕೆ ಕೇಳಬಹುದು. ಲೈಸೆನ್ಸ್ ಬೇಡದ ಮನೆಯವರು ‘ನಮಗೆ ಬೇಡ’ ಎಂದು ಮೊದಲೇ ತಿಳಿಸಿಡಬಹುದು. ತನಿಖೆಗೆ ಬಂದವರು ಮನೆಯವರ ಒಪ್ಪಿಗೆಯಿಲ್ಲದೆ, ಅಥವಾ ಕೋರ್ಟಿನ ವಾರಂಟ್ ಇಲ್ಲದೆ ಒಳಗೆ ಬರುವಂತಿಲ್ಲ. ಆದರೆ ಲೈಸೆನ್ಸ್ ಇಲ್ಲದೆ ನೇರ ಪ್ರಸಾರ ನೋಡಿದ್ದು ಸಾಬೀತಾದರೆ ಕೋರ್ಟು 1,000 ಪೌಂಡಿನವರೆಗೂ ದಂಡ ಹಾಕಬಹುದು. ನಾದಿನಿಯ ಹೆದರಿಕೆ ಪೂರಾ ಸುಳ್ಳಲ್ಲ.

ಓದಲು ಹೋದ ಮಕ್ಕಳ ತಾಯಂದಿರಿಗೂ ಒಂದು ಮಾತು. ಹಾಸ್ಟೆಲಿನಲ್ಲೋ, ತನ್ನ ಕೋಣೆಗೆ ತಾನೇ ಬೇರೆ ಕರಾರು ಮಾಡಿಕೊಂಡ ಮನೆಯಲ್ಲೋ ಇರುವ ವಿದ್ಯಾರ್ಥಿ, ಆ ಕೋಣೆಯಲ್ಲಿ ಕ್ರಿಕೆಟ್ಟನ್ನು ನೇರವಾಗಿ ನೋಡುವುದಾದರೆ ತನ್ನದೇ ಲೈಸೆನ್ಸ್ ಪಡೆಯಬೇಕಾದೀತು. ನಾಲ್ವರು ಸೇರಿ ಒಂದೇ ಕರಾರಿನಲ್ಲಿ ಮನೆ ಹಿಡಿದಿದ್ದರೆ ಸಾಮಾನ್ಯವಾಗಿ ಒಂದೇ ಸಾಕು. ಲೈಸೆನ್ಸಿನ ಹೆಸರಿನಲ್ಲಿ ಅಲ್ಲಿಯೂ ಸುಳ್ಳು ಈಮೇಲುಗಳು ಬರುತ್ತವೆ. ಹಣ ಕಟ್ಟುವುದೇನಿದ್ದರೂ ಅವರ ಅಧಿಕೃತ ತಾಣದಲ್ಲೇ ಕಟ್ಟುವಂತೆ ಮಕ್ಕಳಿಗೆ ಹೇಳಿ.

ಜರ್ಮನಿಯಲ್ಲಿ ಮಕ್ಕಳಿರುವವರು ಇದನ್ನೆಲ್ಲ ಅಲ್ಲಿಗೆ ಅನ್ವಯಿಸಬೇಡಿ. ಅಲ್ಲಿ 2013ರಿಂದ ಮನೆಯ ಬಾಗಿಲಿಗೇ ಲೆಕ್ಕ. ಟೀವಿ ಇರಲಿ ಬಿಡಲಿ, ನೋಡಲಿ ಬಿಡಲಿ, ಮನೆಗೊಂದರಂತೆ ಹಣ ಸಲ್ಲಬೇಕು. 2021ರಲ್ಲಿ ಗೊತ್ತುಮಾಡಿದ ದರ ತಿಂಗಳಿಗೆ 18 ಯೂರೋ 36 ಸೆಂಟು. ಒಂದೇ ಮನೆಯಲ್ಲಿ ಮೂವರು ಹುಡುಗರಿದ್ದರೆ ಒಬ್ಬ ಕಟ್ಟಿದರೆ ಸಾಕು, ಮೂವರೂ ಹಂಚಿಕೊಳ್ಳಬಹುದು. “ನನ್ನ ಹತ್ತಿರ ಟೀವಿಯೇ ಇಲ್ಲ” ಎಂದು ಬಂದ ಕಾಗದವನ್ನು ಬದಿಗಿಟ್ಟರೆ ಬಾಕಿ ಬೆಳೆಯುತ್ತದೆ.

ಹೀಗೆ, ನಮ್ಮಲ್ಲಿ ಹಿಂದೆ ಪೆಟ್ಟಿಗೆಗೆ, ಈಗ ಚಾನೆಲಿಗೆ, ಇಂಗ್ಲೆಂಡಿನಲ್ಲಿ ನೋಟಕ್ಕೆ, ಜರ್ಮನಿಯಲ್ಲಿ ಬಾಗಿಲಿಗೆ ಹಣ. ನಾಲ್ಕೂ ಬೇರೆ ಬೇರೆ. ಮನೆಯವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಮಾತ್ರ ಎಲ್ಲ ಕಡೆಯೂ ಒಂದೇ. ನಮ್ಮ ಮನೆಯಲ್ಲಿ ಯಾರು, ಯಾವ ಹೊತ್ತಿನಲ್ಲಿ, ಏನನ್ನು ನೋಡುತ್ತಾರೆ? ಇದಕ್ಕೆ ಉತ್ತರ ತಿಳಿಯದೆ ಕಟ್ಟಿದರೆ ಹಣ ಪೋಲು. ತಿಳಿಯದೆ ಕತ್ತರಿಸಿದರೆ ಪೋಲಾಗುವುದು ಹಣಕ್ಕಿಂತ ದೊಡ್ಡದು.

ವಡೋದರಾದ ತಂಗಿಗೆ ಈಗ ನನ್ನ ಮಾತು. ನಿನ್ನ ಯಜಮಾನರು ಕೆಟ್ಟವರಲ್ಲಮ್ಮ. ಸಾಲದ ಕಂತು, ಶಾಲೆಯ ಫೀಸು, ಎಲ್ಲದರ ನಡುವೆ ಒಂದು ಬಿಲ್ಲು ಕಡಿಮೆಯಾಗಲೆಂದು ನೋಡಿದರು. ಆದರೆ ಆ ಬಿಲ್ಲಿನಲ್ಲಿ ಅವರು ಎಣಿಸಿದ್ದು ಮಕ್ಕಳನ್ನು ಮಾತ್ರ, ತಾಯಿಯನ್ನು ಎಣಿಸಲಿಲ್ಲ. ಕೇಬಲ್ಲನ್ನು ಮತ್ತೆ ಹಾಕಿಸಿ ಎಂದು ನಾನು ಹೇಳುವುದಿಲ್ಲ. ಫ್ರೀ ಡಿಶ್ಶಾದರೂ ಸಾಕು. ಅತ್ತೆಯವರನ್ನು ‘ಬೇಕೇ?’ ಎಂದು ಕೇಳಬೇಡ, ‘ಬೇಡ’ ಎಂದೇ ಹೇಳುತ್ತಾರೆ. ಕೇಳದೆ ಹಾಕಿಸು. ರಿಮೋಟಿನಲ್ಲಿ ಒತ್ತಬೇಕಾದ ನಂಬರನ್ನು ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸು.

ನಾದಿನಿಗೂ ಬರೆ. ಆರು ತಿಂಗಳು ಮುಗಿದ ವಾರ್ತೆಯನ್ನೇ ತೋರಿಸುತ್ತೇನೆಂದರೆ ಕಾನೂನಿಗೆ ಅಡ್ಡಿಯಿಲ್ಲ, ಆದರೆ ಅದನ್ನು ದಿನವೂ ಹುಡುಕಿ ಹಾಕಿಕೊಡಲು ಮನೆಯಲ್ಲಿ ಒಬ್ಬರಿರಬೇಕು. ಅವಳೂ ಕೆಲಸಕ್ಕೆ ಹೋಗುವವಳು. ಅದಾಗದಿದ್ದರೆ ಲೈಸೆನ್ಸ್ ತೆಗೆದುಕೊಳ್ಳಲಿ. ತಿಂಗಳಿಗೆ ಹೆಚ್ಚುಕಡಿಮೆ ಹದಿನೈದು ಪೌಂಡು. ತಾಯಿಯ ವಿಮಾನದ ಟಿಕೆಟಿಗೆ ಕೊಟ್ಟ ಹಣದ ಮುಂದೆ ಅದು ದೊಡ್ಡದಲ್ಲ. ಲೈಸೆನ್ಸ್ ಇಲ್ಲದೆ ಕದ್ದು ತೋರಿಸುವುದು ಮಾತ್ರ ಬೇಡ. ಭಾಷೆ ಬಾರದ ಊರಿನಲ್ಲಿ, ಒಬ್ಬರೇ ಇರುವ ಮಧ್ಯಾಹ್ನ, ಕರೆಗಂಟೆ ಬಾರಿಸಿದಾಗಲೆಲ್ಲ ಆ ವಯಸ್ಸಿನವರು ಬೆಚ್ಚಿಬೀಳುವಂತಾಗಬಾರದು. ನಮ್ಮ ತಂದೆಯವರ ಮಾತು ಇಲ್ಲಿಗೇ ಸಲ್ಲುವುದು. ಕಟ್ಟಿದವರು ವಾರ್ತೆ ಕೇಳುತ್ತಾರೆ, ಕಟ್ಟದವರು ಬಾಗಿಲಿನ ಸದ್ದು ಕೇಳುತ್ತಾರೆ.

ನಾನು ಹೊರಡುವಾಗ ಆ ತಾಯಿ ಎರಡು ಕಟ್ಟು ಹೂಬತ್ತಿ ಕೊಟ್ಟರು. ಮೆಟ್ಟಿಲಿಳಿಯುವ ಮುಂಚೆ ನನ್ನ ಫೋನಿನಲ್ಲಿ ಹುಡುಕಿ, ಅವರ ಕಡೆ ಹಿಂದಿನ ರಾತ್ರಿ ಮಳೆ ಹಿಡಿದ ಸುದ್ದಿಯನ್ನು ಓದಿ ಹೇಳಿದೆ. “ಹೌದೇ? ಹಾಗಾದರೆ ತೋಟಕ್ಕೆ ಮದ್ದು ಹೊಡೆಯುವವರು ಬಂದರೋ ಇಲ್ಲವೋ” ಎಂದು ಶುರುಮಾಡಿದವರು ಕಾಲು ಗಂಟೆ ಮಾತಾಡಿದರು. ನನ್ನ ರೈಲು ತಪ್ಪಿತು. ಮುಂದಿನ ರೈಲಿನಲ್ಲಿ ಬಂದೆ.

ಮುಂದಿನ ಸಂಚಿಕೆಯಲ್ಲಿ ಮತ್ತೆ ಅಡಿಗೆಮನೆಗೆ ಹೋಗೋಣ. ಇಲ್ಲಿಯ ನೀರಿನಲ್ಲಿ ತೊಗರಿಬೇಳೆ ಬೇಯುವುದಿಲ್ಲವೆಂದು ಸೂರತ್ತಿನ ಸೋದರಿಯೊಬ್ಬರು ಬರೆದಿದ್ದಾರೆ. ಅದಕ್ಕೆ ಉಪಾಯ ಬಲ್ಲವರು ಬರೆದು ತಿಳಿಸಬೇಕಾಗಿ ಕೋರುತ್ತೇನೆ.

ನಿಮ್ಮೆಲ್ಲರ ಕ್ಷೇಮವನ್ನು ಬಯಸುವ,
ನಿಮ್ಮ ಅಕ್ಕ